ರಿಪೋರ್ಟ್ ಎಲ್ಲಾ ನಾರ್ಮಲ್, ಆದರೂ ಮೈ ಯಾಕೆ ಹೀಗಾಡುತ್ತದೆ?

ತಮ್ಮನ ಅಪಘಾತವನ್ನು ಕಣ್ಣಾರೆ ಕಂಡು ಒಂದೂವರೆ ವರ್ಷ ಆಯ್ತು, ಇವತ್ತಿಗೂ ಬ್ರೇಕ್ ಸದ್ದು ಕೇಳಿದರೆ ಎದೆ ಡವಡವ, ಹೊಟ್ಟೆ ಸರಿಯಿಲ್ಲ, ಕುತ್ತಿಗೆ ನೋವು, ರಿಪೋರ್ಟ್‌ಗಳಲ್ಲಿ ಏನೂ ಇಲ್ಲ, ಇದೆಲ್ಲ ನನ್ನ ಭ್ರಮೆಯಾ ಅಂತ ಕೇಳಿದ್ದೀರಿ.

ಖಂಡಿತ ಭ್ರಮೆ ಅಲ್ಲ. ನಾನು ಡಾಕ್ಟರ್ ಅಲ್ಲ, ಆದರೆ ಇದನ್ನು ಅನುಭವಿಸಿದವಳು.

ಅಪ್ಪ ತೀರಿಕೊಂಡ ಸುದ್ದಿ ನನಗೆ ರಾತ್ರಿ ಮೂರು ಗಂಟೆಗೆ ಫೋನಿನಲ್ಲಿ ಬಂತು. ಆಮೇಲೆ ಎಷ್ಟೋ ತಿಂಗಳು, ಹಾಡುಹಗಲಲ್ಲಿ ಫೋನ್ ರಿಂಗಾದರೂ ಹೊಟ್ಟೆ ಕಿವುಚಿದಂತಾಗುತ್ತಿತ್ತು, ಅಂಗೈ ಬೆವರುತ್ತಿತ್ತು. ಬೆಳಿಗ್ಗೆ ಎದ್ದರೆ ದವಡೆ ನೋವು. ನಿದ್ದೆಯಲ್ಲೇ ಹಲ್ಲು ಕಚ್ಚಿಕೊಂಡಿರುತ್ತಿದ್ದೆ.

ನಮ್ಮ ಮಿದುಳಿನಲ್ಲಿ ಅಮಿಗ್ಡಲಾ ಅಂತ ಬಾದಾಮಿ ಆಕಾರದ ಪುಟ್ಟ ಭಾಗವಿದೆ. ಅಪಾಯದ ಸುಳಿವು ಸಿಕ್ಕರೆ ಎಚ್ಚರಿಸುವುದು ಅದರ ಕೆಲಸ. ಅದು ಕೂಗಿತೆಂದರೆ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನುಗಳು ರಕ್ತಕ್ಕೆ ಸೇರುತ್ತವೆ. ಗುಂಡಿಗೆ ಜೋರಾಗಿ ಬಡಿಯುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಹೊಟ್ಟೆಯ ಕೆಲಸ ನಿಧಾನವಾಗುತ್ತದೆ. ಓಡಿ ಜೀವ ಉಳಿಸಿಕೊಳ್ಳಲು ಇದೆಲ್ಲ ಬೇಕೇ ಬೇಕು. ಆದರೆ ದೊಡ್ಡ ಆಘಾತ ಆದಮೇಲೆ ಕೆಲವರಲ್ಲಿ ಈ ಕಾವಲು ಸಡಿಲವಾಗುವುದೇ ಇಲ್ಲ. ಅಂಗ ಕೆಟ್ಟಿಲ್ಲವಲ್ಲ, ಹಾಗಾಗಿ ಟೆಸ್ಟ್‌ನಲ್ಲಿ ಏನೂ ಸಿಗುವುದಿಲ್ಲ. ಆದರೆ ಕೆಲವೊಮ್ಮೆ ದುಃಖಕ್ಕೆ ಗುಂಡಿಗೆಯೇ ಸೋಲುವುದೂ ಉಂಟು. 1990ರ ಹೊತ್ತಿಗೆ ಜಪಾನಿನ ವೈದ್ಯರು ಅದಕ್ಕೆ 'ಟಾಕೊತ್ಸುಬೊ' ಅಂತ ಹೆಸರಿಟ್ಟರು. ಆಕ್ಟೋಪಸ್ ಹಿಡಿಯುವ ಮಡಕೆ ಅಂತ ಅರ್ಥ, ಗುಂಡಿಗೆ ಆ ಆಕಾರಕ್ಕೆ ಉಬ್ಬುತ್ತದೆ. ಹೆಚ್ಚಿನವರು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಅದಕ್ಕೇ ಹೇಳೋದು, ಎದೆನೋವು ಹೊಸದಾಗಿ ಬಂದರೆ ಮನಸ್ಸಿನದ್ದೇ ಅಂತ ಸುಮ್ನೆ ಕೂರಬೇಡಿ, ತೋರಿಸಿ.

ನನ್ನ ಕೌನ್ಸೆಲರ್ ಮೊದಲ ಕೆಲವು ವಾರ ಆ ರಾತ್ರಿಯ ವಿಷಯ ಎತ್ತಲೇ ಇಲ್ಲ. ಒಂದು ದಿನ, "ಈಗ ನಿಮ್ಮ ಭುಜ ಎಲ್ಲಿದೆ ನೋಡಿಕೊಳ್ಳಿ" ಅಂದರು. ಕಿವಿಯ ಹತ್ತಿರ ಏರಿ ಕೂತಿತ್ತು! ನನಗೆ ಗೊತ್ತೇ ಇರಲಿಲ್ಲ. ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡಿ ಅಂದರು. ಹಾಗೆ ಬಿಟ್ಟಾಗ, ಮಿದುಳಿನಿಂದ ಗುಂಡಿಗೆ, ಹೊಟ್ಟೆಯವರೆಗೆ ಹೋಗುವ ವೇಗಸ್ ನರದ ಮೂಲಕ ಗುಂಡಿಗೆಯ ಬಡಿತ ಇಳಿಯುತ್ತದಂತೆ. ಭುಜ ತಾನಾಗೇ ಕೆಳಗೆ ಬಂತು. ಆ ರಾತ್ರಿಯ ಮಾತು ಶುರುವಾದದ್ದು ಅದೆಲ್ಲ ಅಭ್ಯಾಸ ಆದಮೇಲೆ, ಸ್ವಲ್ಪ ಸ್ವಲ್ಪವಾಗಿ. "ಎಲ್ಲಾ ಹೇಳಿ ಅತ್ತುಬಿಡು, ಹಗುರ ಆಗುತ್ತೆ" ಅಂತ ಒತ್ತಾಯ ಮಾಡುವವರಿಂದ ದೂರ ಇರಿ. ಮೈ ಸಿದ್ಧವಾಗುವ ಮೊದಲೇ ಕೆದಕಿದರೆ ನೋವು ಜಾಸ್ತಿ ಆಗಬಹುದು.

ವಾಸಿ ಆಗುವುದು ಒಂದೇ ಸಮ ಇರಲ್ಲ. ಅಪ್ಪನ ತಿಥಿ ಹತ್ತಿರ ಬಂದಾಗ ದವಡೆ ಮತ್ತೆ ಬಿಗಿಯುತ್ತದೆ, ಒಂದು ವಾರದಲ್ಲಿ ಸಡಿಲವಾಗುತ್ತದೆ.

ನಿಮಗೆ ಒಂದೂವರೆ ವರ್ಷ ಆಗಿದೆ, ಇನ್ನು ಕಾಯಬೇಡಿ. ಆಘಾತದ ಚಿಕಿತ್ಸೆಯಲ್ಲಿ ಪಳಗಿದವರನ್ನು ಹುಡುಕಿ. ಯೋಚನೆ, ನಡವಳಿಕೆಯನ್ನು ಬದಲಿಸಿಕೊಳ್ಳಲು ಕಲಿಸುವ ಸಿಬಿಟಿ, ಕಣ್ಣನ್ನು ಆಚೀಚೆ ಆಡಿಸುತ್ತಾ ಕಹಿ ನೆನಪಿನ ತೀವ್ರತೆ ತಗ್ಗಿಸುವ ಇಎಂಡಿಆರ್, ಈ ಎರಡು ಚಿಕಿತ್ಸೆಗಳನ್ನೂ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಸೂಚಿಸಿದೆ. ಹೋಗುವ ಮೊದಲು ಯಾವ ಸದ್ದಿಗೆ ಮೈಯಲ್ಲಿ ಎಲ್ಲಿ ಏನಾಗುತ್ತದೆ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮೊದಲ ದಿನ ನನಗೆ ಬಾಯೇ ಬರಲಿಲ್ಲ, ಅಂಥದ್ದೇ ಒಂದು ಚೀಟಿಯನ್ನು ಕೌನ್ಸೆಲರ್ ಮುಂದೆ ಇಟ್ಟೆ.