ಊರೊಳಗಿಂದ 33 ಕೆವಿ ಕೇಬಲ್ ಹೋದರೆ ಹೆದರಬೇಕಾ?

ಸೋಲಾರ್ ಪ್ಲಾಂಟಿನವರು ನಿಮ್ಮ ಮನೆ ಮುಂದಿನ ರಸ್ತೆಯಲ್ಲೇ 33 ಕೆವಿ (33 ಸಾವಿರ ವೋಲ್ಟಿನ) ಕೇಬಲ್ ಹೂಳೋಕೆ ಬಂದಿದ್ದಾರೆ, ಮಕ್ಕಳಿಗೆ ತೊಂದರೆ ಆಗುತ್ತಾ, ಒಪ್ಪಬೇಕಾ ಬೇಡವಾ ಅಂತ ಕೇಳಿದ್ದೀರಿ. ನಮ್ಮದು ಗದಗ ಕಡೆಯ ಎರೆಭೂಮಿ. ನಮ್ಮೂರಲ್ಲೂ ಇಂಥದೇ ಕೇಬಲ್ ಹೋಗಿ ಮೂರು ವರ್ಷ ಆಯಿತು. ಕಂಡದ್ದನ್ನು ಹೇಳುತ್ತೇನೆ.

ಮಕ್ಕಳ ವಿಷಯ ಮೊದಲು. ಕೇಬಲಿನ ಸುತ್ತ ಅರ್ಥ್ ಮಾಡಿದ ಲೋಹದ ಹೊದಿಕೆ ಇರುತ್ತದೆ. ಮೂರೂ ಫೇಸು ಒತ್ತಾಗಿ ಕೂತಿರುವುದರಿಂದ ಒಂದರ ಕಾಂತಕ್ಷೇತ್ರವನ್ನು ಇನ್ನೊಂದು ಬಹುಪಾಲು ಅಳಿಸಿಬಿಡುತ್ತದೆ. ನಾಲ್ಕು ಹೆಜ್ಜೆ ದೂರ ಹೋದರೆ ಇನ್ನೂ ಕಡಿಮೆ. ಸರಿಯಾಗಿ ಹೂತಿದ್ದರೆ ಆ ಭಯ ಬಿಡಿ. ನಾವು ಎರಡು ಗ್ರಾಮಸಭೆ ಪೂರ್ತಿ ಇದನ್ನೇ ಮಾತಾಡಿದೆವು. ಗುಂಡಿ ತೆಗೆಯೋದು ಹೇಗೆ, ಮುಚ್ಚೋದು ಹೇಗೆ ಅಂತ ಒಬ್ಬರೂ ಕೇಳಲಿಲ್ಲ. ನಮಗೆ ಪೆಟ್ಟು ಬಿದ್ದದ್ದು ಅಲ್ಲೇ.

ಜೆಸಿಬಿ ಬಂದ ಎರಡನೇ ದಿನವೇ ನಲ್ಲಿ ನೀರಿನ ಪೈಪು ಒಡೆಯಿತು. ಮೂರು ದಿನ ಹೆಂಗಸರು ಊರಾಚೆಯ ಬೋರ್‌ವೆಲ್ಲಿಂದ ಕೊಡ ಹೊತ್ತರು. ಆಮೇಲೆ ಮಣ್ಣು. ನಮ್ಮಲ್ಲಿ ಮೇಲೆ ಎರೆಮಣ್ಣು, ಕೆಳಗೆ ಗರಸು. ಎರಡನ್ನೂ ಕಲಸಿ ಗುಂಡಿಗೆ ತುಂಬಿ, ಸುಮ್ನೆ ಜೆಸಿಬಿ ಬಕೆಟ್ಟಿನಲ್ಲಿ ಒತ್ತಿ ಹೋದರು. ಮೊದಲ ಮಳೆಗೆ ಉದ್ದಕ್ಕೂ ಒಂದು ಮೊಳ ಕುಸಿಯಿತು. ಶೇಂಗಾ ಹೇರಿದ್ದ ನಮ್ಮ ಟ್ರೇಲರಿನ ಚಕ್ರ ಅದರಲ್ಲಿ ಇಳಿದು, ಚೀಲಗಳೆಲ್ಲ ಕೆಸರಿಗೆ ಬಿದ್ದವು. ಅಪ್ಪ ಮಳೆಯಲ್ಲೇ ಕೂತು ಒಂದೊಂದೇ ಚೀಲ ಬಿಚ್ಚಿ ನೋಡಿದ್ದು ಇನ್ನೂ ಕಣ್ಣಲ್ಲಿದೆ. ಕಂಪನಿಗೆ ಫೋನ್ ಮಾಡಿದರೆ ಗುತ್ತಿಗೆದಾರನನ್ನು ಕೇಳಿ ಅಂದರು. ಗುತ್ತಿಗೆದಾರ ಅಷ್ಟೊತ್ತಿಗೆ ಬೇರೆ ಜಿಲ್ಲೆಗೆ ಹೋಗಿದ್ದ.

ಹಾಗಂತ ಕೇಬಲ್ಲೇ ಬೇಡ ಅನ್ನಬೇಡಿ. ಉಡುಪಿ–ಕಾಸರಗೋಡು 400 ಕೆವಿ ಲೈನಿಗೆ ಕಾರ್ಕಳ ತಾಲೂಕಿನ ಇನ್ನಾ ಗ್ರಾಮದವರು ಎದ್ದು ನಿಂತದ್ದು ನೆನಪಿದೆಯಲ್ವಾ? ತಲೆ ಮೇಲೆ ಅಂಥ ತಂತಿ ಹೋದರೆ ಅದರ ಕೆಳಗೆ ಅಡಿಕೆ, ತೆಂಗು ಇಟ್ಟುಕೊಳ್ಳೋಕಾಗಲ್ಲ. ಕರಾವಳಿಯ ರೈತರು ನೆಲದಡಿ ಹಾಕಿ ಅಂತಲೇ ಕೇಳಿದರು. 2021ರಲ್ಲಿ ಶುರುವಾದ, ತಮಿಳುನಾಡಿನಿಂದ ಕೇರಳಕ್ಕೆ ಕರೆಂಟ್ ಒಯ್ಯುವ ಪುಗಳೂರು–ತ್ರಿಶ್ಶೂರು ಲೈನು ಕೇರಳದ ವಡಕ್ಕಂಚೇರಿಯಿಂದ ಮುಂದೆ ನೆಲದಡಿಯೇ ಹೋಗಿದೆ. ಕಂಬಕ್ಕಿಂತ ಕೇಬಲ್ ವಾಸಿ ಅಂತ ನಾನು ಈಗಲೂ ಹೇಳುತ್ತೇನೆ.

ಕೆಲಸ ಶುರುವಾಗೋ ಮುಂಚೆ ಕಾಗದ ಕೇಳಿ. 2003ರ ವಿದ್ಯುತ್ ಕಾಯ್ದೆಯ 164ನೇ ಕಲಮಿನ ಸರ್ಕಾರಿ ಆದೇಶ (ಲೈನು ಎಳೆಯೋಕೆ ಅಧಿಕಾರ ಕೊಡೋದು) ಇದೆ ಅಂದರೆ ಪ್ರತಿ ತೋರಿಸಲಿ. ಆದೇಶ ಇದ್ದರೂ ಬೆಳೆಗೆ, ಜಮೀನಿಗೆ ಆದ ಹಾನಿಗೆ ಪರಿಹಾರ ಕೊಡಲೇಬೇಕು. ಪಂಚಾಯ್ತಿ ಒಪ್ಪಿಗೆ ಕೊಡುವಾಗ ಪಿಡಿಒ ಮುಂದೆಯೇ ಬರೆಸಿಕೊಳ್ಳಿ: ಪೈಪು ಒಡೆದರೆ ಅದೇ ದಿನ ರಿಪೇರಿ, ಗುಂಡಿ ಪದರ ಪದರವಾಗಿ ಧಮ್ಮಸ್ಸು ಮಾಡಿ ಮುಚ್ಚಬೇಕು, ಒಂದು ಮಳೆಗಾಲ ಕಳೆಯುವ ತನಕ ಕಂಪನಿ ಇಟ್ಟ ಠೇವಣಿ ಹಣ ವಾಪಸ್ ಇಲ್ಲ. ನಾವು ಈ ಠೇವಣಿ ಕೇಳದೇ ಕೆಟ್ಟೆವು.

ಆಳವನ್ನು ನೀವೇ ಅಳೆಯಿರಿ. ಕೇಬಲ್ ಹಾಕೋದಕ್ಕಿರುವ ಭಾರತೀಯ ಮಾನದಂಡ ಐಎಸ್ 1255 ಪ್ರಕಾರ 33 ಕೆವಿ ಕೇಬಲಿನ ಮೇಲೆ ಕನಿಷ್ಠ 1.05 ಮೀಟರ್ ಮಣ್ಣಿರಬೇಕು, ಅಂದರೆ ಸುಮಾರು ಮೂರೂವರೆ ಅಡಿ. ಕಲ್ಲು ಸಿಕ್ಕಿದ ಕಡೆ ನಮ್ಮೂರಲ್ಲಿ ಗುತ್ತಿಗೆದಾರನ ಕಡೆಯವರು ಎರಡಡಿಗೇ ನಿಲ್ಲಿಸಿದ್ದರು. ನಾಳೆ ಯಾರೋ ಹೊಲಕ್ಕೆ ಪೈಪ್‌ಲೈನ್ ಅಂತ ಅಗೆದರೆ ಹಾರೆ ನೇರ ಕೇಬಲಿಗೇ ಬೀಳುತ್ತದೆ. ನಿಜವಾಗಿ ಜೀವ ಹೋಗೋದು ಹೀಗೆ. ಕೆಳಗೆ ಮರಳು, ಮೇಲೆ ಇಟ್ಟಿಗೆ ಇಲ್ಲವೇ ಹೆಂಚು, ಅದರ ಮೇಲೆ ಎಚ್ಚರಿಕೆಯ ಟೇಪು ಬೀಳುವ ತನಕ ಮುಚ್ಚೋಕೆ ಬಿಡಬೇಡಿ.

ಜಾಯಿಂಟ್ (ಎರಡು ಕೇಬಲ್ ತುಂಡು ಸೇರಿಸಿದ ಜಾಗ) ಬಂದ ಕಡೆ ಗುರುತಿನ ಕಲ್ಲು ನೆಡಿಸಿ, ನಕ್ಷೆಯ ಒಂದು ಪ್ರತಿ ಪಂಚಾಯ್ತಿಯಲ್ಲಿ ಇಡಿಸಿ. ಕೇಬಲ್ ಕೆಟ್ಟರೆ ಜಾಸ್ತಿ ಅಗೆಯೋದು ಅಲ್ಲೇ. ನಿಮ್ಮ ಬಾಗಿಲ ಮುಂದೆ ಜಾಯಿಂಟ್ ಬರುವ ಹಾಗಿದ್ದರೆ ಈಗಲೇ ಹೇಳಿ, ಹತ್ತಿಪ್ಪತ್ತು ಮೀಟರ್ ಆಚೆ ಸರಿಸೋದು ಈಗ ಸುಲಭ.