ನಮ್ಮ ಚಾವಣಿಯ ಮಳೆ ನೀರಿಗೆ ನಾವೇ ದುಡ್ಡು ಹಾಕಬೇಕಾ?

ಪ್ರಶ್ನೆ: ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ನಮ್ಮದು 40x60 ಸೈಟಿನ ಹಳೇ ಮನೆ. ಕಾವೇರಿ ಕನೆಕ್ಷನ್ ಇದೆ. ಬೇಸಿಗೆಯಲ್ಲಿ ಸಾಲದೆ ಟ್ಯಾಂಕರ್ ತರಿಸುತ್ತೇವೆ. ಮಳೆ ನೀರು ಕೊಯ್ಲು ಮಾಡಿಸಿಲ್ಲ ಅಂತ ಬಿಲ್ಲಿನಲ್ಲಿ ದಂಡ ಬರುತ್ತಿದೆ. ಹೊಸ ಟ್ಯಾಂಕ್, ಇಂಗುಬಾವಿ ಎಲ್ಲ ಸೇರಿ ಒಂದು ಲಕ್ಷ ಆಗುತ್ತದೆ ಅಂತ ಕೆಲಸದವರು ಹೇಳುತ್ತಾರೆ. ತೆರಿಗೆನೂ ಕಟ್ಟುತ್ತೇವೆ, ನೀರಿನ ಬಿಲ್ಲೂ ಕಟ್ಟುತ್ತೇವೆ. ನೀರು ಕೊಡುವುದು ಸರ್ಕಾರದ ಕೆಲಸ ಅಲ್ವಾ? ಇದಕ್ಕೂ ನಾವೇ ಯಾಕೆ ಖರ್ಚು ಮಾಡಬೇಕು?

ಉತ್ತರ: ನಿಮ್ಮ ಎಸ್ಟಿಮೇಟಿನಲ್ಲಿ ಎರಡು ಬೇರೆ ಬೇರೆ ಕೆಲಸ ಸೇರಿಕೊಂಡಿವೆ. ಮೊದಲು ಅದನ್ನು ಬಿಡಿಸೋಣ. ಮಳೆ ನೀರನ್ನು ಹಿಡಿದಿಟ್ಟು ಬಳಸುವುದು ಒಂದು. ನೆಲಕ್ಕೆ ಇಂಗಿಸುವುದು ಇನ್ನೊಂದು. ಹಿಡಿದಿಟ್ಟ ನೀರು ನಿಮ್ಮ ನಲ್ಲಿಯಲ್ಲೇ ಬರುತ್ತದೆ. ಆ ಖರ್ಚು ನಿಮ್ಮದೇ ಆಗಬೇಕು ಅಂತ ನನಗೆ ಅನಿಸುತ್ತದೆ. ಇಂಗಿಸಿದ ನೀರು ಕಾಂಪೌಂಡ್ ನೋಡಿ ನಿಲ್ಲುವುದಿಲ್ಲ. ಅದು ಎರಡು ಬೀದಿ ಆಚೆಯ ಬೋರ್‌ವೆಲ್‌ಗೂ ಹೋಗಬಹುದು. ಅದರ ಖರ್ಚಿನಲ್ಲಿ ನಗರವೂ ಪಾಲು ಕೊಡಬೇಕು.

ಈಗ ಲೆಕ್ಕ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿ.ಮೀ. ಆಸುಪಾಸು ಮಳೆ. ನಿಮ್ಮ ಚಾವಣಿ 1,200 ಚದರಡಿ ಅಂದುಕೊಳ್ಳಿ. ಆವಿಯಾಗಿದ್ದು, ಚೆಲ್ಲಿದ್ದು ಕಳೆದರೂ ವರ್ಷಕ್ಕೆ 85 ಸಾವಿರ ಲೀಟರ್ ಸಿಗುತ್ತದೆ. ಅಷ್ಟನ್ನೂ ಒಟ್ಟಿಗೆ ತುಂಬಿಡಲು ಆಗುವುದಿಲ್ಲ, ಬೇಕಾಗಿಯೂ ಇಲ್ಲ. 60 ಮಿ.ಮೀ.ನ ಒಂದು ಜೋರು ಮಳೆ ಬಂದರೆ 5,000 ಲೀಟರಿನ ಸಂಪ್ ಭರ್ತಿ. ನಾಲ್ಕು ಜನರ ಮನೆಗೆ ಅದು ಒಂಬತ್ತು ದಿನ ಬರುತ್ತದೆ. ಅಷ್ಟರಲ್ಲಿ ಇನ್ನೊಂದು ಮಳೆ ಬರಬಹುದು. ಮೇನಿಂದ ಅಕ್ಟೋಬರ್‌ವರೆಗೆ ಹೀಗೆ ತುಂಬುತ್ತಾ, ಖಾಲಿಯಾಗುತ್ತಾ ಇರುತ್ತದೆ.

ಆದ್ದರಿಂದ ಹೊಸ ಟ್ಯಾಂಕ್ ಬೇಡವೇ ಬೇಡ. ಹಳೇ ಮನೆ ಅಂದಿರಿ, ಸಂಪ್ ಇದ್ದೇ ಇರುತ್ತದೆ. ಚಾವಣಿಯ ಪೈಪುಗಳನ್ನು ಒಂದು ಕಡೆ ಸೇರಿಸಿ, ಮೊದಲ ಮಳೆಯ ಕೊಳೆ ನೀರು ಹೊರಗೆ ಹೋಗಲು ಒಂದು ವಾಲ್ವ್ ಇಟ್ಟು, ಒಂದು ಫಿಲ್ಟರ್ ಹಾಕಿ ಸಂಪಿಗೆ ಬಿಡಿ. ಖರ್ಚು ನಿಮಗೆ ಹೇಳಿರುವುದರ ಒಂದು ಸಣ್ಣ ಭಾಗಕ್ಕೆ ಇಳಿಯುತ್ತದೆ. ಕೆಲಸ ಮಾಡಿಸುವ ಮುಂಚೆ ಜಯನಗರದಲ್ಲಿರುವ ಸರ್ ಎಂ. ವಿಶ್ವೇಶ್ವರಯ್ಯ ಮಳೆ ನೀರು ಸಂಗ್ರಹ ಥೀಮ್ ಪಾರ್ಕ್ ನೋಡಿಬನ್ನಿ. ಬೇರೆ ಬೇರೆ ಮಾದರಿಗಳನ್ನು ಅಲ್ಲಿ ಜೋಡಿಸಿಟ್ಟಿದ್ದಾರೆ. ಯಾವುದು ಬೇಕು, ಯಾವುದು ಬೇಡ ಅಂತ ಕೆಲಸದವರಿಗೆ ನೀವೇ ಹೇಳುವಷ್ಟು ತಿಳಿಯುತ್ತದೆ.

ಹಾಕಿದ ದುಡ್ಡು ವಾಪಸ್ ಬರುತ್ತದಾ? ಬರೀ ಕಾವೇರಿ ನೀರಿನ ಜತೆ ಹೋಲಿಸಿದರೆ ಬೇಗ ಬರುವುದಿಲ್ಲ, ನಿಜ ಹೇಳಬೇಕು. ಕಡಿಮೆ ನೀರು ಬಳಸುವವರ ದರದ ಸ್ಲ್ಯಾಬಿನಲ್ಲಿ ಸಾವಿರ ಲೀಟರಿಗೆ ಹತ್ತು ರೂಪಾಯಿಯೂ ಇಲ್ಲ. ಸುಮಾರು ನೂರು ಕಿಲೋಮೀಟರ್ ದೂರದಿಂದ, ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರುವ ನೀರಿಗೆ ಇಷ್ಟೇ ದರ! ಈ ಅಗ್ಗದ ದರವೇ ಮಳೆ ನೀರಿನ ದೊಡ್ಡ ಎದುರಾಳಿ. ಆದರೆ ನೀವು ಟ್ಯಾಂಕರ್ ತರಿಸುವವರು. 2024ರ ಮಾರ್ಚ್‌ನಲ್ಲಿ ಜಿಲ್ಲಾಡಳಿತ ಟ್ಯಾಂಕರ್ ದರ ಕಟ್ಟಿದಾಗ 5 ಕಿ.ಮೀ. ಒಳಗೆ 6,000 ಲೀಟರಿಗೆ 600 ರೂಪಾಯಿ ಅಂತ ಮಾಡಿತು. ಅಂದರೆ ಸಾವಿರ ಲೀಟರಿಗೆ ನೂರು. ದರ ಕಟ್ಟುವ ಮುಂಚೆ ಜನ ಇದಕ್ಕಿಂತ ಎಷ್ಟೋ ಜಾಸ್ತಿ ಕೊಟ್ಟಿದ್ದರು. ಮಳೆಗಾಲ ತಡವಾದ ವರ್ಷ, ಮೇ, ಜೂನ್‌ನಲ್ಲಿ ಸಂಪಿಗೆ ಬಿದ್ದ ನೀರು ಒಂದೊಂದು ಟ್ಯಾಂಕರನ್ನೇ ತಪ್ಪಿಸುತ್ತದೆ. ಮಾರ್ಚ್, ಏಪ್ರಿಲ್‌ನ ಕೊರತೆಯನ್ನು ಮಾತ್ರ ಇದು ಪೂರ್ತಿ ನೀಗಿಸುವುದಿಲ್ಲ. ಅದಕ್ಕೆ ನೆಲದೊಳಗೆ ನೀರು ಬೇಕು.

ಇಂಗುಬಾವಿಯ ಮಾತು ಇಲ್ಲೇ ಬರುವುದು. ಮೂರು ಅಡಿ ಅಗಲ, ಇಪ್ಪತ್ತು ಅಡಿ ಆಳ, ಸಿಮೆಂಟ್ ರಿಂಗು. ತಲೆತಲಾಂತರದಿಂದ ಬಾವಿ ತೋಡುತ್ತಿರುವ ಮಣ್ಣು ವಡ್ಡರು ಈಗಲೂ ನಗರದಲ್ಲಿ ಇದನ್ನು ತುಂಬ ಚೆನ್ನಾಗಿ ಮಾಡುತ್ತಾರೆ. ಬೀದಿಗೆ ಹತ್ತು ಮನೆ ಮಾಡಿಸಿದರೆ ಜೋರು ಮಳೆಗೆ ಬೀದಿಯಲ್ಲಿ ನಿಲ್ಲುವ ನೀರೂ ತಗ್ಗುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಮಳೆ ನೀರಲ್ಲಿ ಮುಳುಗಿದ ಹೊರವರ್ತುಲ ರಸ್ತೆಯಲ್ಲಿ ಟ್ರ್ಯಾಕ್ಟರ್ ಮೇಲೆ ಜನ ಆಫೀಸಿಗೆ ಹೋದರು. ಎರಡು ವರ್ಷ ತುಂಬುವುದರೊಳಗೆ ಅದೇ ಊರು ಕುಡಿಯಲು ನೀರಿಲ್ಲದೆ ಒದ್ದಾಡಿತು. ಈ ಎರಡೂ ಕಷ್ಟವನ್ನು ನಿಮ್ಮ ಬಾವಿ ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತದೆ. ಅದರ ಪೂರ್ತಿ ಖರ್ಚನ್ನು ನಿಮ್ಮ ತಲೆ ಮೇಲೆ ಹಾಕುವುದು ನ್ಯಾಯ ಅಲ್ಲ.

ನಮ್ಮ ಕಾನೂನು 2009ರಲ್ಲಿ ಕೊಯ್ಲನ್ನು ಕಡ್ಡಾಯ ಮಾಡಿ, ಆಮೇಲೆ ದಂಡದ ದಾರಿ ಹಿಡಿಯಿತು. 40x60ರ ಹಳೇ ಮನೆಗಳಿಗೆ, 30x40ರ ಹೊಸ ಮನೆಗಳಿಗೆ ಕೊಯ್ಲು ಕಡ್ಡಾಯ. ಮಾಡಿಸದ ಮನೆಗಳ ಬಿಲ್ಲಿನ ಮೇಲೆ ದಂಡ, ಮೂರು ತಿಂಗಳಾದ ಮೇಲೆ ಇನ್ನೂ ಜಾಸ್ತಿ. ಎಷ್ಟೋ ಜನ ಸುಮ್ನೆ ದಂಡ ಕಟ್ಟಿಕೊಂಡು ಇದ್ದುಬಿಡುತ್ತಾರೆ. ಆ ದುಡ್ಡು ಇಂಗುಬಾವಿ ತೋಡಿಸುವವರಿಗೆ ಸಹಾಯಧನ ಆಗಿ ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ದೆಹಲಿಯಲ್ಲಿ ಕೊಯ್ಲು ಮಾಡಿದವರಿಗೆ ನೀರಿನ ಬಿಲ್ಲಿನಲ್ಲಿ ಶೇ 10 ರಿಯಾಯಿತಿ ಇಟ್ಟರು. ಜರ್ಮನಿಯ ಹಲವು ನಗರಗಳಲ್ಲಿ ಚರಂಡಿಗೆ ಮಳೆ ನೀರು ಬಿಡುವ ಚಾವಣಿ, ಕಾಂಕ್ರೀಟ್ ಅಂಗಳದ ಅಳತೆಗೆ ಶುಲ್ಕ ಇದೆ, ಇಂಗಿಸಿದವರಿಗೆ ಕಡಿಮೆ. ನಮ್ಮಲ್ಲೂ ಇಂಥದ್ದು ಬರಲಿ. ಅಲ್ಲಿಯವರೆಗೆ ನೀವು ಸಂಪಿನ ಕೆಲಸ ಈ ಮಳೆಗಾಲದೊಳಗೇ ಮುಗಿಸಿ. ಸಂಪ್ ತುಂಬಿ ಹೊರಬರುವ ನೀರಿಗೆ ಬಾವಿಯನ್ನು ಕೈಲಾದಾಗ ಮಾಡಿಸಿ. ಒಂದು ಎಚ್ಚರ: ಸೋಸದ ನೀರನ್ನು ನೇರ ಬೋರ್‌ವೆಲ್‌ಗೆ ಬಿಡಬೇಡಿ. ಕೊಳೆ ಅಂತರ್ಜಲಕ್ಕೆ ಇಳಿದರೆ ತೆಗೆಯಲು ದಾರಿಯಿಲ್ಲ.

ಪ್ರಶ್ನೆ: ನಮ್ಮದು ಪಾವಗಡ ತಾಲ್ಲೂಕು. ಬೋರ್ ನೀರಿನಲ್ಲಿ ಫ್ಲೋರೈಡ್. ಕುಡಿಯಲು ಮಳೆ ನೀರು ಹಿಡಿದಿಡಿ ಅಂತಾರೆ. ಕೂಲಿ ಮಾಡುವವರು ಟ್ಯಾಂಕ್ ಎಲ್ಲಿಂದ ಕಟ್ಟಿಸುವುದು?

ಉತ್ತರ: ನೀವು ದುಡ್ಡು ಹಾಕಬಾರದು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ಹಲ್ಲು, ಮೂಳೆ ಎರಡನ್ನೂ ಕೆಡಿಸುತ್ತದೆ. ಕುದಿಸಿದರೂ ಹೋಗುವುದಿಲ್ಲ. ಸುರಕ್ಷಿತ ನೀರು ಕೊಡಲಾಗದ ಕಡೆ ಟ್ಯಾಂಕ್ ಕಟ್ಟಿಸಿಕೊಡುವುದು ಸರ್ಕಾರದ ಜವಾಬ್ದಾರಿ, ಉಪಕಾರ ಅಲ್ಲ. ಐದು ಜನಕ್ಕೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಅಂದರೆ 5,000 ಲೀಟರಿನ ಟ್ಯಾಂಕ್ 200 ದಿನ ಬರುತ್ತದೆ. ನಿಮ್ಮ ಕಡೆಯ ಕಡಿಮೆ ಮಳೆಗೂ ಸಣ್ಣ ಚಾವಣಿಯಿಂದ ಅದು ತುಂಬುತ್ತದೆ. ಗ್ರಾಮಸಭೆಯಲ್ಲಿ ಈ ಲೆಕ್ಕ ಇಟ್ಟು, ನೀರಿನ ಪರೀಕ್ಷೆಯ ವರದಿ ಜತೆಗಿಟ್ಟು ಬರಹದಲ್ಲೇ ಕೇಳಿ.

ಪ್ರಶ್ನೆ: ಬಾಡಿಗೆ ಮನೆಯವರು ಏನು ಮಾಡಬೇಕು?

ಉತ್ತರ: ಪೈಪು, ಫಿಲ್ಟರ್ ಮನೆ ಮಾಲೀಕರ ಖರ್ಚು. ಚಾವಣಿ ಗುಡಿಸುವುದು, ಫಿಲ್ಟರ್ ತೊಳೆಯುವುದು ನಿಮ್ಮ ಕೆಲಸ. ಅವರು ಒಪ್ಪದಿದ್ದರೆ ಚಾವಣಿ ಪೈಪಿನ ಕೆಳಗೆ 200 ಲೀಟರಿನ ಡ್ರಮ್ ಇಡಿ. ಗಿಡಕ್ಕೆ, ನೆಲ ಒರೆಸಲು ಆಗುತ್ತದೆ. ಮುಚ್ಚಳ ಅಥವಾ ಸೊಳ್ಳೆ ಪರದೆಯ ಬಟ್ಟೆ ಬಿಗಿಯಾಗಿ ಕಟ್ಟಿ, ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ. ಡೆಂಗಿ ಸೊಳ್ಳೆ ಮರಿ ಮಾಡಲು ಮುಚ್ಚದೆ ಬಿಟ್ಟ ಒಂದು ಡ್ರಮ್ಮೇ ಸಾಕು.