ಪಡಸಾಲೆಯಲ್ಲಿಡುವ ಲೆಗೊ ಡಿಸ್ಕವರಿ ನೌಕೆಗೆ ಗಾಜಿನ ಪೆಟ್ಟಿಗೆಯೋ, ಅಕ್ರಿಲಿಕ್ ಪೆಟ್ಟಿಗೆಯೋ?

ಬಾಗಲಕೋಟೆಯ ನವನಗರದ ಮನೆ, ಪಡಸಾಲೆಗೆ ಪಶ್ಚಿಮದ ದೊಡ್ಡ ಕಿಟಕಿ, ಅದರ ಎದುರಿಗೆ ಬಂದವರಿಗೆಲ್ಲ ಕಾಣುವಂತೆ ನೌಕೆ, ಅಂದರೆ ಲೆಗೊ ಪ್ಲಾಸ್ಟಿಕ್ ತುಂಡುಗಳಿಂದ ಜೋಡಿಸಿದ, ನಾಸಾದ ಡಿಸ್ಕವರಿ ಬಾಹ್ಯಾಕಾಶ ನೌಕೆಯ ಮಾದರಿ. ಅದನ್ನು ಮುಚ್ಚಿಡಲು ಗಾಜಿನ ಪೆಟ್ಟಿಗೆ ಒಳ್ಳೆಯದೋ, ಪಾರದರ್ಶಕ ಪ್ಲಾಸ್ಟಿಕ್ಕಾದ ಅಕ್ರಿಲಿಕ್ಕಿನದೋ ಎಂದು ಕೇಳಿದ್ದೀರಿ. ನಿಮ್ಮ ಪ್ರಶ್ನೆಯನ್ನು ಓದುವಾಗ ವಿಜಯಪುರದ ನನ್ನ ಪಡಸಾಲೆಯನ್ನೇ ನೋಡಿದಂತಾಯಿತು. ನಾನು ಗಾಜನ್ನು ಆರಿಸಿಕೊಂಡೆ. ಆದರೆ ನನ್ನ ನೌಕೆ ಕೆಟ್ಟದ್ದು ಗಾಜಿನಿಂದಲ್ಲ.

2022ರ ದೀಪಾವಳಿಗೆ 2,354 ತುಂಡುಗಳ ಆ ಲೆಗೊ ಸೆಟ್ಟನ್ನು ತರಿಸಿದ್ದೆ. 1990ರ ಏಪ್ರಿಲ್‌ನಲ್ಲಿ ಹಬಲ್ ದೂರದರ್ಶಕವನ್ನು ಕಕ್ಷೆಯಲ್ಲಿ ಬಿಟ್ಟು ಬಂದ ಯಾನದ ಡಿಸ್ಕವರಿ ಅದು. ಪೆಟ್ಟಿಗೆಯ ಮೇಲೆ 18+ ಎಂದು ಅಚ್ಚಾಗಿದ್ದರೂ ನಮ್ಮವ್ವನಿಗೆ ಸಮಾಧಾನವಿರಲಿಲ್ಲ. "ನಲವತ್ತ ತುಂಬಾಕ ಬಂದ್ವು, ಇನ್ನೂ ಆಟಿಗಿ ಸಾಮಾನ ತರ್ತಿಯಲ್ಲೋ" ಎಂದಳು. ಹನ್ನೊಂದು ರಾತ್ರಿ ಕುಳಿತು ಜೋಡಿಸಿದೆ. ಅತ್ಯಂತ ಕಷ್ಟವೆನಿಸಿದ್ದು ಯಂತ್ರಭಾಗವಲ್ಲ, ಸರಕು ಕೊಠಡಿಯ ಬಾಗಿಲುಗಳ ಒಳಮೈಗೆ ಅಂಟಿಸಬೇಕಾದ, ಕನ್ನಡಿಯಂತೆ ಹೊಳೆಯುವ ದೊಡ್ಡ ಸ್ಟಿಕರ್‌ಗಳು. ನಿಜವಾದ ನೌಕೆಯಲ್ಲಿ ಅಲ್ಲಿ ಶಾಖವನ್ನು ಹೊರಚೆಲ್ಲುವ ರೇಡಿಯೇಟರ್‌ಗಳಿದ್ದವು, ಅದಕ್ಕಾಗಿಯೇ ಕಕ್ಷೆ ಸೇರಿದೊಡನೆ ಬಾಗಿಲು ತೆರೆಯುತ್ತಿದ್ದರು. ಉಸಿರು ಬಿಗಿಹಿಡಿದು ಅಂಟಿಸಿದರೂ ಒಂದರ ಅಡಿಯಲ್ಲಿ ಅಕ್ಕಿಕಾಳಿನಷ್ಟು ಗಾಳಿಗುಳ್ಳೆ ಉಳಿಯಿತು, ಈಗಲೂ ಇದೆ.

ನನಗಿದ್ದ ಒಂದೇ ಭಯ ಧೂಳಿನದು. ನಮ್ಮ ಕಡೆಯ ಬೇಸಿಗೆಯ ಗಾಳಿ ಎಂಥದ್ದೆಂದು ನಿಮಗೂ ಗೊತ್ತು. ಆದ್ದರಿಂದ ಅಲ್ಯುಮಿನಿಯಂ ಸೆಕ್ಷನ್ ಕೆಲಸದವರಿಂದ 5 ಮಿ.ಮೀ. ಗಾಜಿನ ಪೆಟ್ಟಿಗೆ ಮಾಡಿಸಿ, ಸಂದುಗಳಿಗೆಲ್ಲ ಸಿಲಿಕೋನ್ ಅಂಟು ತುಂಬಿಸಿ, ಕಿಟಕಿಯ ಎದುರಿನ ಗೋಡೆಗೆ ಇರಿಸಿದೆ. ಸಂಜೆ ನಾಲ್ಕರ ಬಿಸಿಲು ಬಿದ್ದಾಗ ನೌಕೆ ಥಳಥಳಿಸುತ್ತಿತ್ತು, ಬಂದವರು ಮೊಬೈಲ್ ತೆಗೆದು ಫೋಟೊ ಹಿಡಿಯುತ್ತಿದ್ದರು. ನಾನು ಹೆಮ್ಮೆಪಟ್ಟ ಆ ಬಿಸಿಲೇ ನನ್ನ ತಪ್ಪು.

ಎರಡು ಬೇಸಿಗೆ ಕಳೆದವು. 2024ರ ಮಳೆಗಾಲದಲ್ಲಿ ಅಕ್ಕನ ಮಗನಿಗೆ ತೋರಿಸಲೆಂದು ಸರಕು ಕೊಠಡಿಯ ಬಾಗಿಲು ತೆರೆದಾಗ ಒಳಗಿನ ಬಿಳುಪೇ ಬೇರೆ, ಹೊರಗಿನ ಬಿಳುಪೇ ಬೇರೆಯಾಗಿತ್ತು. ಕಿಟಕಿಯ ಕಡೆಗಿದ್ದ ರೆಕ್ಕೆಯು ಹಳೆಯ ಸ್ವಿಚ್ ಬೋರ್ಡಿನ ಹಳದಿಗೆ ತಿರುಗಿತ್ತು. ಅದೂ ಒಂದೇ ಸಮನಾಗಿ ಅಲ್ಲ, ಒಂದು ತುಂಡು ಹೆಚ್ಚು, ಪಕ್ಕದ್ದು ಕಡಿಮೆ, ತೇಪೆ ಹಾಕಿದ ಹಾಗೆ. ಒಂದು ಚಪ್ಪಟೆ ತುಂಡನ್ನು ಉಗುರಿನಿಂದ ಎಬ್ಬಿಸಿ ನೋಡಿದರೆ ಅದರಡಿ ಮುಚ್ಚಿದ್ದ ಭಾಗ ಹೊಸದಾಗಿ ಸುಣ್ಣ ಹೊಡೆದ ಗೋಡೆಯಷ್ಟು ಬೆಳ್ಳಗಿತ್ತು. ಸ್ಟಿಕರ್‌ಗಳ ಅಂಚುಗಳೂ ಕಾವಿಗೆ ಮೇಲೆದ್ದಿದ್ದವು.

ಈ ತುಂಡುಗಳು ಎಬಿಎಸ್ ಪ್ಲಾಸ್ಟಿಕ್ಕಿನವು. ಅದರಲ್ಲಿರುವ ರಬ್ಬರಿನ ಅಂಶವಾದ ಬ್ಯುಟಾಡೈಯೀನ್ ಅತಿನೇರಳೆ ಕಿರಣಗಳಿಗೆ ಸಿಕ್ಕಿ ಗಾಳಿಯ ಆಮ್ಲಜನಕದೊಡನೆ ಸೇರುತ್ತದೆ, ಆಗ ಬಿಳಿಯದು ಹಳದಿಯಾಗುತ್ತದೆ. ಗಾಜು ಇದೆಯಲ್ಲ, ಅದು ತಡೆಯುತ್ತದೆ ಎಂದು ನಾನು ನಂಬಿದ್ದೆ. ಸಾಮಾನ್ಯ ಗಾಜು ಅತಿನೇರಳೆಯ ಒಂದು ಪಾಲನ್ನು ತಡೆದರೂ, ಉದ್ದ ತರಂಗದ ಯುವಿಎ ಬಹುಮಟ್ಟಿಗೆ ದಾಟಿ ಬರುತ್ತದೆ. ಮೇಲಾಗಿ ನಾಲ್ಕೂ ಕಡೆ ಮುಚ್ಚಿದ ಪೆಟ್ಟಿಗೆಯಲ್ಲಿ ಬಿಸಿ ಕೂಡಿಕೊಂಡೇ ಇತ್ತು. ಅಂದರೆ ಧೂಳಿನಿಂದ ಕಾಪಾಡಲು ಕಟ್ಟಿದ ಮನೆಯನ್ನೇ ನಾನು ಒಲೆಯನ್ನಾಗಿ ಮಾಡಿದ್ದೆ. ನಿಜವಾದ ನೌಕೆಯ ಮೇಲ್ಭಾಗಕ್ಕೆ ಬಿಳಿಬಣ್ಣವಿದ್ದುದು ಬಿಸಿಲಿನ ಶಾಖವನ್ನು ಹಿಂದಿರುಗಿಸಲೆಂದು; ನನ್ನದಕ್ಕೆ ವಿಜಯಪುರದ ಒಂದು ಕಿಟಕಿಯನ್ನೂ ಎದುರಿಸಲಾಗಲಿಲ್ಲ.

ಹೈಡ್ರೋಜನ್ ಪೆರಾಕ್ಸೈಡ್ ದ್ರಾವಣದಲ್ಲಿ ಮುಳುಗಿಸಿ ಬಿಸಿಲಿಗಿಟ್ಟರೆ ಬೆಳ್ಳಗಾಗುತ್ತದೆ ಎಂದು ನಿಮಗೆ ಯಾರಾದರೂ ಹೇಳುತ್ತಾರೆ. ನಾಲ್ಕು ತುಂಡುಗಳ ಮೇಲೆ ಮಾಡಿ ನೋಡಿದೆ, ಬೆಳ್ಳಗಾದವು, ವರ್ಷದೊಳಗೆ ಮತ್ತೆ ಮಾಸಿದವು.

ಆದ್ದರಿಂದ ಗಾಜೋ ಅಕ್ರಿಲಿಕ್ಕೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅತಿನೇರಳೆಯನ್ನು ತಡೆಯುವ ಅಕ್ರಿಲಿಕ್ ಹಾಳೆಗಳು ಇವೆ, ಆದರೆ ಅವು ಕಾವನ್ನು ತಡೆಯುವುದಿಲ್ಲ. ಮೊದಲು ಕಿಟಕಿಯ ಎದುರಿನ ಆ ಜಾಗವನ್ನು ಕೈಬಿಡಿ. ಬಂದವರು ನೋಡಲಿ ಎಂಬ ಆಸೆಯೇ ಇಂಥ ಮಾದರಿಗಳನ್ನು ಕಿಟಕಿಯ ಮುಂದೆ ಕೂರಿಸುತ್ತದೆ. ನೋಡಬೇಕೆನ್ನುವವರನ್ನು ಒಳಗೆ ಕರೆದುಕೊಂಡು ಹೋಗಿ ತೋರಿಸಿದರಾಯಿತು. ನನ್ನದು ಈಗ ನೇರ ಬಿಸಿಲು ಬಾರದ ಒಳಕೋಣೆಯಲ್ಲಿ ತೆರೆದ ಮರದ ಹಲಗೆಯ ಮೇಲಿದೆ, ಧೂಳನ್ನು ವಾರಕ್ಕೊಮ್ಮೆ ಹೊಸ ಶೇವಿಂಗ್ ಬ್ರಷ್‌ನಿಂದ ಕೊಡವುತ್ತೇನೆ. ಹತ್ತು ನಿಮಿಷದ ಕೆಲಸ. ಅಂಟು ಹಾಕಿ ಗಟ್ಟಿ ಮಾಡಲೇ ಎಂದೂ ನೀವು ಕೇಳಿದ್ದೀರಿ, ಖಂಡಿತ ಬೇಡ. ಅಂಟಿಸಿದ್ದರೆ ಹಳದಿಯಾದ ರೆಕ್ಕೆಯ ತುಂಡುಗಳನ್ನು ಒಂದೊಂದಾಗಿ ಕಿತ್ತು ಬದಲಿಸಲು ನನಗೆ ಸಾಧ್ಯವಾಗುತ್ತಿರಲಿಲ್ಲ.

ಹಲಗೆ ಮಾಡಿಸುವಾಗ ಒಂದು ಲೆಕ್ಕ ನೆನಪಿರಲಿ. ನೌಕೆಯ ಉದ್ದ ಸುಮಾರು 54 ಸೆಂ.ಮೀ., ರೆಕ್ಕೆಗಳ ಅಗಲ ಸುಮಾರು 34 ಸೆಂ.ಮೀ. ಬಡಿಗರು ರೂಢಿಯಂತೆ ಒಂದಡಿ ಆಳ ಕೊಡುತ್ತಾರೆ, ಆಗ ರೆಕ್ಕೆ ಹೊರಚಾಚಿ ಓಡಾಡುವವರ ತೋಳಿಗೆ ತಾಗುತ್ತದೆ. 15 ಇಂಚು ಎಂದು ಹೇಳಿ, ಹಬಲ್‌ಗೆ, ಅಂದರೆ ಸೆಟ್ಟಿನೊಡನೆ ಬರುವ ಆ ದೂರದರ್ಶಕದ ಮಾದರಿಗೆ, ಪಕ್ಕದಲ್ಲಿ ಬೇರೆಯೇ ಜಾಗ ಬಿಡಿಸಿ.